ಒಣ ಮರಳಿಗೆ ನೀರು ಚಿಮುಕಿಸಿದ್ದು

ನನ್ನ ಮೊಮ್ಮಗಳು ಗೆದ್ದಳು. ಅವಳ ಬೆಟ್ಟ, ಬೆಟ್ಟದ ಪಕ್ಕದ ತಗ್ಗು, ಆ ತಗ್ಗಿನಲ್ಲಿ ತುಂಬಿದ ಮರಳು, ಎಲ್ಲವನ್ನೂ ಯೂನಿವರ್ಸಿಟಿಯ ದೊಡ್ಡವರು ನೋಡಿ, ಪ್ರಶ್ನೆ ಕೇಳಿ, ಇವಳಿಗೆ ಪಿಎಚ್.ಡಿ. ಕೊಡಬಹುದು ಎಂದು ಇವತ್ತು ಮಧ್ಯಾಹ್ನ ಸಹಿ ಹಾಕಿಬಿಟ್ಟರು. ಫೋನು ಮಾಡಿದವಳು ಸೊಸೆ. "ಮಾವ, ಆಯ್ತು. ಒಪ್ಕೊಂಡ್ರು" ಅಂದಳು. ಆಮೇಲೆ ಮೂಗು ಎಳೆಯುವ ಸದ್ದು. ನಾನು "ಕೋಳಿ ತರಿಸ್ಲೇನವ್ವ?" ಎಂದು ಕೇಳಿದೆ. ಅಳುತ್ತಿದ್ದವಳು ನಕ್ಕಳು.

ಸಂತೋಷ ಮನೆಯೊಳಗೆ ಹಿಡಿಸಲಿಲ್ಲ. ಮಾದನಾಯಕನಹಳ್ಳಿಗೆ ಕೊಟ್ಟಿರುವ ಮಗಳಿಗೆ ಫೋನು ಮಾಡಿ, ಅಳಿಯನನ್ನು ಕರೆದುಕೊಂಡು ಸಂಜೆಗೆ ಬಾ ಅಂದೆ. ಬಾಗಿಲಿಗೆ ಬಂದು ಎದುರು ಮನೆಯವರಿಗೆ ಕೂಗಿ ಹೇಳಿದೆ. ಪಕ್ಕದ ಮನೆಯಲ್ಲಿ ಒರಿಸ್ಸಾದವರಿಬ್ಬರು ಬಾಡಿಗೆಗಿದ್ದಾರೆ, ಹತ್ತಿರದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ, ಕನ್ನಡ ಬಾರದು. ಅವರಿಗೂ ಹೇಳಿದೆ. ಅವರು ಏನು ತಿಳಿದುಕೊಂಡರೋ, ಇಬ್ಬರೂ ಕೈ ಮುಗಿದರು. ಅಷ್ಟು ಕೂಗಿದ್ದಕ್ಕೆ ಕೆಮ್ಮು ಹಿಡಿಯಿತು. ಒಳಗೆ ಬಂದು ಮಂಚದ ಮೇಲೆ ಕೂತು, ಕೆಮ್ಮು ಇಳಿದ ಮೇಲೂ ಸುಮ್ಮನೆ ಅತ್ತೆ. ಎದುರಿಗೆ ಗೋಡೆಯ ಮೇಲೆ ಮಗನ ಫೋಟೋ ಇತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಪೀಣ್ಯದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೋಲ್ಡರ್ ಆಗಿದ್ದೆ. ಮೋಲ್ಡರ್ ಅಂದರೆ ಮರಳಿನಲ್ಲಿ ಅಚ್ಚು ಮಾಡುವವನು. ಮರದ ಮಾದರಿಯ ಸುತ್ತ ಮರಳು ತುಂಬಿ, ಗುದ್ದಿ, ಮಾದರಿಯನ್ನು ಹುಷಾರಾಗಿ ಎತ್ತಿದರೆ ಮರಳಿನಲ್ಲಿ ಅದರ ಹಳ್ಳ ಉಳಿಯುತ್ತದೆ. ಆ ಹಳ್ಳಕ್ಕೆ ಕರಗಿದ ಕಬ್ಬಿಣ ಹೊಯ್ಯುವುದು. ಬೆಳಗ್ಗೆ ಶೆಡ್ಡಿಗೆ ಕಾಲಿಟ್ಟ ಕೂಡಲೇ ಮೊದಲ ಕೆಲಸ ಮರಳಿನ ರಾಶಿಗೆ ನೀರು ಚಿಮುಕಿಸುವುದು. ಆಮೇಲೆ ಸಲಿಕೆಯಲ್ಲಿ ತಿರುವಿ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ ಕೈ ಬಿಚ್ಚಬೇಕು. ಬೆರಳಿನ ಗುರುತು ಹಾಗೇ ನಿಂತರೆ ಮರಳು ಹದವಾಗಿದೆ. ಒಣಗಿದ ಮರಳು ನಿಲ್ಲುವುದಿಲ್ಲ, ಧೂಳೂ ಏಳುತ್ತದೆ. ಮೂವತ್ತು ವರ್ಷ ದಿನಾ ಮಾಡಿದ ಕೆಲಸವನ್ನು ಕೈ ಮರೆಯುವುದಿಲ್ಲ.

ಮಗನನ್ನೂ ಅಲ್ಲಿಗೇ ಸೇರಿಸಿದೆ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ. ನಾನೇ ಮಾಲೀಕರ ಮುಂದೆ ಕೈಕಟ್ಟಿ ನಿಂತು ಕೇಳಿದೆ. ಅವನಿಗೆ ಸಿಕ್ಕಿದ್ದು ಅಚ್ಚು ಒಡೆಯುವ ಕೆಲಸ. ಕಬ್ಬಿಣ ಆರಿದ ಮೇಲೆ ಅದರ ಮೈಗೆ ಅಂಟಿದ ಸುಟ್ಟ ಮರಳನ್ನು ಬಡಿದು ಉದುರಿಸಬೇಕು. ಆ ಜಾಗದಲ್ಲಿ ನೀರು ಚಿಮುಕಿಸುವ ಪದ್ಧತಿಯಿರಲಿಲ್ಲ. ಬಿಸಿ ಕಬ್ಬಿಣಕ್ಕೆ ನೀರು ಬಿದ್ದರೆ ಸೀಳುತ್ತದೆ ಎಂಬ ಹೆದರಿಕೆ. ಸಂಜೆ ಅವನು ಹೊರಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೂದಿಯ ಬಣ್ಣ. ನಾವು ನಗುತ್ತಿದ್ದೆವು. "ಏನ್ಲಾ, ಮದ್ವೆಗೆ ಮುಂಚೆನೇ ಮುದುಕ ಆಗ್ಬಿಟ್ಟೆ" ಎಂದು ರೇಗಿಸಿದವನು ನಾನೇ.

ಅವನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಕೆಮ್ಮೂ ಶುರುವಾಯಿತು. ಟಿ.ಬಿ. ಎಂದು ಎರಡು ಸಲ ಮಾತ್ರೆ ಕೊಟ್ಟರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನು ಕೆಲಸ?" ಎಂದು ಕೇಳಿದರು. ಹೇಳಿದೆವು. ಇದು ಟಿ.ಬಿ. ಅಲ್ಲ, ಮರಳಿನ ಧೂಳು ಎದೆಯಲ್ಲಿ ಕೂತಿದೆ, ಕೂತದ್ದನ್ನು ತೆಗೆಯಲು ಬರುವುದಿಲ್ಲ ಅಂದರು. ಮಗ ತೀರಿಕೊಂಡಾಗ ಮೊಮ್ಮಗಳು ಆರನೇ ಕ್ಲಾಸಿನಲ್ಲಿದ್ದಳು. ಅಪ್ಪನಿಗೆ ಟಿ.ಬಿ. ಅಂತಲೇ ಅವಳಿಗೆ ಹೇಳಿದೆವು. ಮರಳು ಅಂದರೆ, ಮರಳಿನ ಹತ್ತಿರ ಅಪ್ಪನನ್ನು ಯಾರು ಕಳಿಸಿದರು ಎಂದು ಕೇಳುತ್ತಾಳೆ ಎಂಬ ಭಯ. ಸೊಸೆ ಗಾರ್ಮೆಂಟ್ಸ್‌ಗೆ ಹೊಲಿಯಲು ಸೇರಿದಳು. ಸ್ವಲ್ಪ ವರ್ಷಕ್ಕೆ ಆರ್ಡರು ನಿಂತು ಫೌಂಡ್ರಿಯೂ ಮುಚ್ಚಿತು. ನನ್ನ ಎದೆಯಲ್ಲೂ ಅದೇ ಧೂಳಿದೆಯಂತೆ, ಸ್ವಲ್ಪ ನಿಧಾನದ್ದು. ಇನ್ನು ಜನ್ಮದಲ್ಲಿ ಮರಳು ಮುಟ್ಟುವುದಿಲ್ಲ ಅಂದುಕೊಂಡಿದ್ದೆ.

ಪೀಣ್ಯಕ್ಕೆ ಮೆಟ್ರೋ ಓಡತೊಡಗಿದ ಹೊಸದರಲ್ಲಿ ಒಂದು ದಿನ ನೋಡಿದರೆ, ಮೊಮ್ಮಗಳು ಲಗೇಜ್ ಆಟೋದಿಂದ ಮೂಟೆ ಇಳಿಸುತ್ತಿದ್ದಾಳೆ.

"ಏನವ್ವ ಇದು?"

"ಮರಳು ತಾತ."

"ಮರಳು ಅಂತ ನಂಗೂ ಕಾಣುತ್ತೆ. ನಮ್ಮನೇಗ್ಯಾಕೆ ಬಂತು?"

"ಬೆಟ್ಟ ಮಾಡ್ಬೇಕು. ಡಿಪಾರ್ಟ್‌ಮೆಂಟಲ್ಲಿ ಜಾಗ ಕೊಡ್ಲಿಲ್ಲ. ನಡುಮನೆ ನಂಗೆ ಬಿಟ್ಕೊಡು."

ಭೂಮಿಯ ವಿಷಯ ಓದುತ್ತಾಳೆ ಎಂದಷ್ಟೇ ಗೊತ್ತಿತ್ತು. ಮೂರು ವರ್ಷದಿಂದ ಏನು ಮಾಡುತ್ತಿದ್ದಾಳೆ ಎಂದು ಅವತ್ತು ಕೂರಿಸಿಕೊಂಡು ಹೇಳಿದಳು. ನನ್ನ ನವಾರಿನ ಮಂಚವನ್ನೇ ತೋರಿಸಿದಳು. "ನೀನು ಕೂತ್ಕೋ ತಾತ. ನೀನು ಬೆಟ್ಟ." ಕೂತೆ. ಕೂತ ಕಡೆ ನವಾರು ಜಗ್ಗಿ, ನನ್ನ ಪಕ್ಕದಲ್ಲೂ ತಗ್ಗು ಬಿತ್ತು. ಅವಳು ಒಂದು ಹಿಡಿ ಕಡಲೆಕಾಯಿ ಮಂಚದ ಮೇಲೆ ಹಾಕಿದಳು. ಎಲ್ಲವೂ ಉರುಳಿ ನನ್ನ ತೊಡೆಯ ಪಕ್ಕಕ್ಕೆ ಬಂದು ನಿಂತವು. "ಹಿಮಾಲಯ ಹಿಂಗೇ ಕೂತಿದೆ. ಅದರ ಭಾರಕ್ಕೆ ಪಕ್ಕದ ನೆಲ ಬಗ್ಗುತ್ತೆ. ಬೆಟ್ಟದಿಂದ ಹೊಳೆ ತಂದ ಮರಳು, ಮಣ್ಣು ಎಲ್ಲ ಆ ತಗ್ಗಿಗೆ ತುಂಬುತ್ತೆ. ತುಂಬಿದ್ದರ ಭಾರಕ್ಕೆ ಇನ್ನೂ ಬಗ್ಗುತ್ತೆ. ಗಂಗಾ ನದಿ ಹರಿಯೋ ಬಯಲೆಲ್ಲ ಅಂಥ ತಗ್ಗು, ತುಂಬಿ ಮಟ್ಟ ಆಗಿರೋದು."

"ನಮ್ ಶಿವಗಂಗೆ ಬೆಟ್ಟದ ಪಕ್ಕ ಯಾಕೆ ಅಂಗಾಗಿಲ್ಲ?"

"ಅದು ತಳ್ಳಿಸ್ಕೊಂಡು ಎದ್ದ ಬೆಟ್ಟ ಅಲ್ಲ. ಸುತ್ತ ಇದ್ದಿದ್ದೆಲ್ಲ ಸವೆದು ಹೋಗಿ ಉಳ್ಕೊಂಡಿರೋ ಬಂಡೆ" ಅಂದಳು. ಸುತ್ತ ಇದ್ದವರೆಲ್ಲ ಹೋಗಿ ತಾನೊಂದೇ ಉಳಿದದ್ದು. ಆ ಮಾತು ಯಾಕೋ ನನ್ನೊಳಗೇ ನಿಂತಿತು.

ಈ ತಗ್ಗು ಹೇಗೆ ಬೀಳುತ್ತದೆ, ಎಷ್ಟು ಆಳ, ಹೇಗೆ ತುಂಬುತ್ತದೆ ಎಂದು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಳು. ಲೆಕ್ಕ ಸರಿಯೇ ಎಂದು ಮರಳಿನಲ್ಲಿ ಮಾಡಿ ನೋಡಬೇಕಿತ್ತು. ಎರಡು ಕಡೆ ಗಾಜಿನ ಒಂದು ಉದ್ದ ಪೆಟ್ಟಿಗೆ. ತಳದಲ್ಲಿ ಸ್ಪಂಜು, ಅದರ ಮೇಲೆ ಬಗ್ಗುವಂಥ ತೆಳು ತಗಡು. ತಗಡಿನ ಮೇಲೆ ಕೆಂಪು, ಬಿಳಿ, ನೀಲಿ ಮರಳು ಪದರ ಪದರವಾಗಿ. ಒಂದು ತುದಿಯಿಂದ ಹಲಗೆಯೊಂದು ಮರಳನ್ನು ಮೆಲ್ಲಗೆ ತಳ್ಳಬೇಕು. ತಿರುಪು ತಿರುಗಿಸಿ ತಳ್ಳುವ ಆ ಹಲಗೆಯನ್ನು ನಮ್ಮ ಹಿಂದಿನ ರಸ್ತೆಯ ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಅಂಗಡಿಯವನು ಫೌಂಡ್ರಿಯಲ್ಲಿ ನನ್ನ ಜೊತೆಗಿದ್ದವನು. "ಏನಣ್ಣಾ, ಈ ವಯಸ್ಸಲ್ಲಿ ಚಕ್ಕುಲಿ ಒತ್ತೋ ಬಿಸ್ನೆಸ್ಸಾ?" ಎಂದು ಕೇಳಿದ. ಬೆಟ್ಟ ಒತ್ತುವುದಕ್ಕೆ ಅಂದರೆ ನನ್ನ ಮುಖವನ್ನೇ ನೋಡಿದ.

ಎರಡು ತಿಂಗಳು ಅವಳು ಟೆರೇಸಿನಲ್ಲಿ ಮರಳು ಜರಡಿ ಹಿಡಿದಳು, ಬಣ್ಣ ಹಾಕಿದಳು, ಒಣಗಿಸಿದಳು. ಮೂರು ಸಲ ತಳ್ಳಿ ನೋಡಿದಳು. ಬೆಟ್ಟ ಎದ್ದಿತು, ಆದರೆ ಅಡ್ಡಾದಿಡ್ಡಿ, ಪಕ್ಕದ ತಗ್ಗು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. ಅವಳ ಗೈಡು, ದೀಪಾವಳಿಯೊಳಗೆ ಮಾದರಿಯನ್ನು ಕೊಯ್ದು ಒಳಗಿನ ಪದರ ತೋರಿಸದಿದ್ದರೆ ಈ ವಿಷಯ ಬಿಡು, ಬೇರೆ ತಗೋ ಅಂದರು. ಬೇರೆ ಅಂದರೆ ಮೂರು ವರ್ಷ ನೀರಿನಲ್ಲಿ ಹೋಮ. ದೀಪಾವಳಿಗೆ ಇನ್ನು ಇಪ್ಪತ್ತೈದು ದಿನವಿತ್ತು. ನಾಲ್ಕನೆಯ ಸಲಕ್ಕೆ ಪೆಟ್ಟಿಗೆಯಲ್ಲಿ ಪದರ ಹಾಸಿ, ಉಳಿದ ಮರಳನ್ನು ಬಕೆಟುಗಳಲ್ಲಿ ಇಟ್ಟು, ಕ್ಯಾಮೆರಾ ತರಲು ಯೂನಿವರ್ಸಿಟಿಗೆ ಹೋದಳು. "ಮುಟ್ಬೇಡ ತಾತ" ಎಂದು ಹೇಳಿಯೇ ಹೋಗಿದ್ದಳು.

ಸೊಸೆ ಕೆಲಸಕ್ಕೆ ಹೋಗಿದ್ದಳು. ಬೆಳಗಿನ ಬಿಸಿಲು ಕಿಟಕಿಯಿಂದ ಕೋಲು ಹಾಕಿದಂತೆ ಒಳಗೆ ಬಿದ್ದಿತ್ತು. ನಾನು ಕಾಫಿ ಲೋಟ ಹಿಡಿದು ಬಂದವನು ನಿಂತುಬಿಟ್ಟೆ. ಆ ಬಿಸಿಲಿನಲ್ಲಿ ಧೂಳು ಆಡುತ್ತಿತ್ತು. ಸಣ್ಣದು, ಹೊಳೆಯುವಂಥದ್ದು. ನನಗೆ ಗುರುತಿದ್ದ ಧೂಳು. ಅಚ್ಚು ಒಡೆಯುವ ಶೆಡ್ಡಿನ ಬಾಗಿಲಲ್ಲಿ ಬಿಸಿಲು ಬಿದ್ದಾಗ ಹೀಗೇ ಕಾಣುತ್ತಿತ್ತು, ಅದರ ಹಿಂದೆ ಮಗ ಸುತ್ತಿಗೆ ಎತ್ತುತ್ತಿದ್ದ. ಈ ಧೂಳಿನಲ್ಲಿ ಈಗ ಇವಳು ದಿನವಿಡೀ ಬಗ್ಗಿ ಕೂರುತ್ತಾಳೆ.

ಚೊಂಬು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಬಕೆಟುಗಳಿಗೆಲ್ಲ ನೀರು ಚಿಮುಕಿಸಿದೆ. ಗಾಜಿನ ಪೆಟ್ಟಿಗೆಯ ಮೇಲೂ ಚಿಮುಕಿಸಿದೆ. ಬಕೆಟಿನ ಮರಳನ್ನು ಕೈ ಹಾಕಿ ತಿರುವಿದೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ ಕೈ ಬಿಚ್ಚಿದೆ. ಬೆರಳಿನ ಗುರುತು ಚೆನ್ನಾಗಿ ನಿಂತಿತು. ಬಿಸಿಲಿನಲ್ಲಿ ಧೂಳು ಕಾಣಲಿಲ್ಲ. ಎಷ್ಟೋ ವರ್ಷದ ಮೇಲೆ ಮನಸ್ಸಿಗೆ ಸಮಾಧಾನವಾಗಿ, ಹೋಗಿ ಸ್ನಾನ ಮಾಡಿದೆ.

ಅವಳು ಬಂದಳು. ಪೆಟ್ಟಿಗೆಯ ಗಾಜಿನಲ್ಲಿ ಕೆಂಪು ಬಣ್ಣ ಬಿಳಿಯ ಪದರಕ್ಕೆ ಇಳಿದು ಗೆರೆಗೆರೆಯಾಗಿತ್ತು.

"ತಾತ, ನೀರು ಹಾಕ್ದೋರು ಯಾರು?"

"ನಾನೇ ಕಣವ್ವ. ಧೂಳು ಏಳ್ತಿತ್ತು. ಈಗ ಮರಳು ಅದವಾಗ್ಯದೆ ನೋಡು, ಎಂಗೆ ನಿಂತ್ಕೊಳ್ತದೆ!"

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಸಮೇತ ನೆಲದ ಮೇಲೆ ಕೂತಳು. "ನಿಂತ್ಕೊಳ್ಬಾರ್ದು ತಾತ. ಬೆಟ್ಟ ಜಾರ್ಬೇಕು, ಒಂದರ ಮೇಲೊಂದು ಏರ್ಬೇಕು. ಒದ್ದೆ ಆದ್ರೆ ಗೋಡೆ ಥರ ನಿಂತ್ಬಿಡುತ್ತೆ" ಅಂದಳು. ಅಷ್ಟೇ. ನಾನು ಹುಟ್ಟಿದಾಗಿನಿಂದ ಮರಳು ನಿಲ್ಲಲಿ ಎಂದು ದುಡಿದವನು. ಜಾರುವ ಮರಳು ಬೇಕಾದವರು ಭೂಮಿಯ ಮೇಲೆ ಇದ್ದಾರೆ ಎಂದು ನನಗೆ ತಿಳಿದಿರಲಿಲ್ಲ.

ಎರಡು ದಿನ ನಾನು ನಡುಮನೆಯ ಕಡೆ ಹೋಗಲಿಲ್ಲ. ಮಗನ ಬದುಕನ್ನು ಮರಳಿಗೆ ಹಾಕಿದೆ, ಮೊಮ್ಮಗಳ ಓದನ್ನು ನೀರಿಗೆ ಹಾಕಿದೆ. ಮೂರನೆಯ ದಿನ ಬೆಳಗ್ಗೆ, ಸೊಸೆ ಡಬ್ಬಿ ಕಟ್ಟುತ್ತಿದ್ದಾಗ, ಇಬ್ಬರ ಮುಂದೆಯೂ ಬಾಯಿ ಬಿಟ್ಟೆ.

"ನಿಮ್ಮಪ್ಪಂಗೆ ಟಿ.ಬಿ. ಅಲ್ಲ ಕಣವ್ವ. ಇದೇ ಧೂಳು. ಅವನ್ನ ಆ ಕೆಲಸಕ್ಕೆ ಸೇರಿಸ್ದೋನು ನಾನು."

"ಈಗ್ಯಾಕೆ ಮಾವ ಅದೆಲ್ಲ" ಎಂದು ಸೊಸೆ ಮುಖ ತಿರುಗಿಸಿದಳು.

ಮೊಮ್ಮಗಳು ಲೋಟ ಕೆಳಗಿಟ್ಟಳು. "ನಂಗೊತ್ತು ತಾತ."

"ಏನು ಗೊತ್ತು?"

"ಎಲ್ಲಾನೂ. ಬೀರೂಲಿ ಅಪ್ಪನ ಎಕ್ಸ್‌ರೇ, ಡಾಕ್ಟ್ರ ಚೀಟಿ ಇದ್ಯಲ್ಲ, ಕಾಲೇಜಲ್ಲಿ ಮರಳಿನ ಪಾಠ ಆದಾಗ ತೆಗೆದು ನೋಡ್ದೆ. ಅದಕ್ಕೇ ನಾನು ಜರಡಿ ಹಿಡಿಯೋದು ಟೆರೇಸಲ್ಲಿ, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಬಟ್ಟೆ ಕಟ್ಕೊಂಡು. ನೀನು ಯಾವತ್ತಾದ್ರೂ ಮೇಲ್ ಬಂದು ನೋಡಿದ್ಯಾ? ಮೆಟ್ಲು ಹತ್ತೋಕಾಗಲ್ಲ ನಿಂಗೆ."

"ಮತ್ತೆ ಇಷ್ಟ್ ವರ್ಷ ಕೇಳ್ಲಿಲ್ವಲ್ಲ."

"ನೀನು ಹೇಳ್ಲಿಲ್ವಲ್ಲ" ಅಂದಳು. ಸೊಸೆ ಡಬ್ಬಿಯ ಮುಚ್ಚಳ ಹಾಕುತ್ತಲೇ ಇದ್ದಳು, ಅದು ಕೂರುತ್ತಲೇ ಇರಲಿಲ್ಲ. ಯಾರೂ ನನ್ನನ್ನು ಕ್ಷಮಿಸಿದ್ದೇವೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೊಮ್ಮಗಳು ಒಳಗೆ ಹೋಗಿ ದಪ್ಪ ಬಟ್ಟೆಯ ಮಾಸ್ಕು ತಂದು ನನ್ನ ಮುಖಕ್ಕೆ ಕಟ್ಟಿದಳು. "ಕೆಡಿಸಿದ್ಯಲ್ಲ, ಈಗ ಮಾಡ್ಕೊಡು" ಅಂದಳು.

ಕೆಟ್ಟ ಮರಳನ್ನು ಮುಟ್ಟಿ ನೋಡಿದಾಗಲೇ ನನಗೆ ಒಂದು ವಿಷಯ ತಿಳಿದಿತ್ತು. ಬೆರಳಲ್ಲಿ ಉಜ್ಜಿದರೆ ನುಣ್ಣನೆಯ ಮಣ್ಣು ಹತ್ತುತ್ತಿತ್ತು. ಅದು ಮನೆ ಕಟ್ಟುವ ಮರಳು, ಒಣಗಿದರೂ ಸರಿಯಾಗಿ ಜಾರುವುದಿಲ್ಲ. ಲೇತ್ ಅಂಗಡಿಯವನ ಸ್ಕೂಟರಿನಲ್ಲಿ ಕೂತು ಹೋಗಿ, ಇನ್ನೂ ನಡೆಯುತ್ತಿರುವ ಒಂದು ಫೌಂಡ್ರಿಯಿಂದ ದುಂಡು ಕಾಳಿನ ಮರಳು ತಂದೆ. ನಾಲ್ಕು ನೀರಿನಲ್ಲಿ ತೊಳೆದೆ. ತಗಡಿನ ಮೇಲೆ ಹರಡಿ ಸಣ್ಣ ಉರಿಯಲ್ಲಿ ಹುರಿದೆ, ರವೆ ಹುರಿದ ಹಾಗೆ. ಸೊಸೆ ಕೆಲಸದಿಂದ ಬಂದವಳು ಮೂಗಿಗೆ ಸೆರಗು ಬಿಗಿದು ಬಣ್ಣ ಕಲಸಿದಳು. ಎರಡು ವಾರ ಹೀಗೇ ಹೋಯಿತು.

ಪದರ ಹಾಸುವಾಗ ಮೊಮ್ಮಗಳು ಡಬ್ಬಿಯಿಂದ ಸುರಿಯುವುದನ್ನು ಕಂಡೆ. ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ. ಬೆಟ್ಟ ಅಡ್ಡಾದಿಡ್ಡಿ ಏಳದೆ ಇನ್ನೇನಾಗುತ್ತದೆ? ನಾವು ಅಚ್ಚಿನ ಮೇಲೆ ಪುಡಿ ಉದುರಿಸುತ್ತಿದ್ದದ್ದು ತೆಳು ಬಟ್ಟೆಯ ಚೀಲದಿಂದ, ಒಂದೇ ಎತ್ತರದಿಂದ, ಮಣಿಕಟ್ಟು ಮಾತ್ರ ಅಲ್ಲಾಡಿಸಿ. "ಬಿಡವ್ವ ಇಲ್ಲಿ" ಎಂದು ಡಬ್ಬಿ ಪಕ್ಕಕ್ಕಿಟ್ಟು, ಜರಡಿ ತೆಗೆದುಕೊಂಡು ಹಾಗೇ ಉದುರಿಸಿದೆ. ಅವಳು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ನೋಡಿ, "ಅಯ್ಯೋ, ಮೆಷಿನ್ ಥರ ಬೀಳ್ತಿದೆ!" ಅಂದಳು.

ದೀಪಾವಳಿಗೆ ಮುಂಚಿನ ಭಾನುವಾರ ತಳ್ಳಿದೆವು. ತಿರುಪು ತಿರುಗಿಸುವವಳು ಸೊಸೆ, ಹೊಲಿಗೆ ಮೆಷಿನ್ನಿನ ಹದ ಗೊತ್ತಿರುವ ಕೈ. ಮೊಮ್ಮಗಳು ಕ್ಯಾಮೆರಾ ಹಿಡಿದಳು. ಹಲಗೆ ಒಂದು ಬೆರಳು ಮುಂದೆ ಹೋದಾಗಲೆಲ್ಲ ಬೆಟ್ಟದ ಪಕ್ಕದ ತಗ್ಗಿಗೆ ನಾನು ಒಂದು ತೆಳು ಪದರ ಉದುರಿಸಬೇಕು, ಹೊಳೆ ತಂದು ಹಾಕಿದ ಹಾಗೆ. ಗಾಜಿನ ಹಿಂದೆ ಬಿಳಿ ಪದರ ಮಡಿಸಿಕೊಂಡು ಕೆಂಪಿನ ಮೇಲೆ ಏರಿತು. ತಗಡು ಬಗ್ಗಿತು. ಬೆಟ್ಟದ ಬುಡದಲ್ಲಿ ತಗ್ಗು ಬಿತ್ತು, ಈ ಗಾಜಿನಿಂದ ಆ ಗಾಜಿನವರೆಗೆ ಒಂದೇ ಸಮ. ನಾನು ಉದುರಿಸಿದಷ್ಟೂ ಅದು ಇನ್ನೂ ಚೂರು ಕೆಳಗೆ ಇಳಿಯಿತು. ಏಳನೆಯ ಪದರಕ್ಕೆ ನನಗೆ ಕೆಮ್ಮು ಬಂತು. ತಡೆದೆ. ಕಣ್ಣಲ್ಲಿ ನೀರು ಬರುವವರೆಗೆ ತಡೆದೆ, ಆಗಲಿಲ್ಲ. ಕೈ ಅಲುಗಿ ಒಂದು ಕಡೆ ಮರಳು ಗುಡ್ಡೆ ಬಿತ್ತು. "ಕೆಡಿಸ್ಬಿಟ್ಟೆ" ಅಂದೆ. ಅವಳು, "ನಡೆಸು ತಾತ, ಹೊಳೆಯೇನು ದಿನಾ ಒಂದೇ ಥರ ಹರಿಯುತ್ತಾ" ಅಂದಳು.

ಕೊನೆಗೆ ಬೆಟ್ಟವನ್ನು ಕೊಯ್ಯಬೇಕು, ಒಳಗಿನ ಪದರ ನೋಡಬೇಕು. ಒಣ ಮರಳನ್ನು ಕೊಯ್ದರೆ ಕುಸಿಯುತ್ತದೆ. ಮೊಮ್ಮಗಳು ಅಡುಗೆಮನೆಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದಳು.

"ಈಗ ಹಾಕು ತಾತ. ನಿನ್ ಹದಕ್ಕೆ."

ಬೆರಳ ತುದಿಯಿಂದ ಚಿಮುಕಿಸಿದೆ, ನಿಂತೆ, ಮತ್ತೆ ಚಿಮುಕಿಸಿದೆ. ಮರಳು ಕುಡಿದು ನಿಲ್ಲುವವರೆಗೆ ಕಾದೆವು. ಹಳೆಯ ಕರಣೆ ತಂದು ಒಂದೇ ಸಲಕ್ಕೆ ಇಳಿಸಿ ಎಳೆದೆ, ಅಚ್ಚಿನಿಂದ ಮಾದರಿ ಎತ್ತಿದಂತೆ. ಒಂದು ಕಾಳೂ ಕುಸಿಯಲಿಲ್ಲ. ಕೆಂಪು, ಬಿಳಿ, ನೀಲಿ, ಮಡಿಕೆ ಮಡಿಕೆಯಾಗಿ ಬೆಟ್ಟದ ಹೊಟ್ಟೆ ಕಂಡಿತು. ತಗ್ಗಿನ ಆಳ ಅವಳ ಲೆಕ್ಕಕ್ಕೆ ಕೂಡಿ ಬಂತು. ಸೊಸೆ ಗೋಡೆಯ ಫೋಟೋದ ಕಡೆ ಒಂದು ಸಲ ನೋಡಿ, ಬಟ್ಟೆ ತೆಗೆದುಕೊಂಡು ನೆಲದ ಮರಳನ್ನು ಒರೆಸತೊಡಗಿದಳು, ಒದ್ದೆ ಬಟ್ಟೆಯಲ್ಲಿ.

ಅದಾಗಿ ಬರೆಯುವುದು, ತಿದ್ದುವುದು ಎಂದು ಇನ್ನೂ ಎರಡು ವರ್ಷ ಹಿಡಿಯಿತು. ಇವತ್ತಿನ ಪರೀಕ್ಷೆಗೆ ನಾನು ಹೋಗಲಿಲ್ಲ. ಅಲ್ಲಿ ಎರಡು ಮಹಡಿ ಹತ್ತಬೇಕು.

ಸಂಜೆ ಎಲ್ಲರೂ ಬಂದರು. ಸೊಸೆ ಕೋಳಿ ಸಾರು ಮಾಡಿದಳು, ಮಗಳು ಮುದ್ದೆ ತೊಳಸಿದಳು. ಮೊದಲು ಒಂದು ಎಲೆ ಹಾಕಿ ಮಗನ ಫೋಟೋದ ಮುಂದೆ ಎಡೆ ಇಟ್ಟೆವು. ಆಮೇಲೆ ನಡುಮನೆಯಲ್ಲಿ, ಪೆಟ್ಟಿಗೆ ಇದ್ದ ಜಾಗದಲ್ಲೇ, ಸಾಲಾಗಿ ಕೂತೆವು. ಮೊಮ್ಮಗಳು ಊಟ ಮಾಡುತ್ತ ಪರೀಕ್ಷೆಯ ಕಥೆ ಹೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ಫೋಟೋದ ಮೇಲೆ ಬೆರಳಿಟ್ಟು, ಎಲ್ಲ ಪದರ ಸಮವಾಗಿದೆ, ಈ ಏಳನೆಯದು ಯಾಕೆ ಹೀಗೆ ಉಬ್ಬಿದೆ ಎಂದು ಕೇಳಿದರಂತೆ.

"ನೀನೇನಂದೆ?" ಎಂದು ಅಳಿಯ ಕೇಳಿದ.

"ನಮ್ ತಾತ ಕೆಮ್ಮಿದ್ರು ಸಾರ್ ಅಂದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತೆ ಕೆಮ್ಮು ಬಂತು. ಪಕ್ಕದಲ್ಲಿದ್ದ ಸೊಸೆ ಬೆನ್ನು ನೀವಿದಳು. ಅಷ್ಟರಲ್ಲಿ ಅಳಿಯ ಬಾಯಲ್ಲಿ ಏನೋ ಕಟ್ ಅಂದದ್ದನ್ನು ಬೆರಳಿಗೆ ತೆಗೆದು ನೋಡಿದ. ಒಂದು ಕಾಳು ಮರಳು. ಎರಡು ವರ್ಷವಾದರೂ ಈ ಮನೆಯ ಯಾವ ಸಂದಿಯಲ್ಲಿ ಉಳಿದಿತ್ತೋ. ಮೊಮ್ಮಗಳು ಬಗ್ಗಿ ನೋಡಿ, "ನೀಲಿದು ಮಾವ, ಅದು ತಳದ ಪದರ" ಅಂದಳು. ಮಗಳು ನನ್ನ ಎಲೆಗೆ ಇನ್ನೊಂದು ಅರ್ಧ ಮುದ್ದೆ ಇಟ್ಟಳು. ಬೇಡ ಅನ್ನಲಿಲ್ಲ.